ವಿಕ್ಟೋರಿಯನ್ ಟೆರೇಸ್ ಮನೆಯ ಪುಟ್ಟ ಅಡುಗೆಮನೆ: ಕಾಲಕ್ಕೆ ಒಪ್ಪಬೇಕು, ನಮ್ಮ ಅಡುಗೆಗೂ ಒಗ್ಗಬೇಕು

ನೇತ್ರಾವತಿ_ಲೆಸ್ಟರ್
ಇಂಗ್ಲೆಂಡಿನ ಲೆಸ್ಟರ್‌ನಲ್ಲಿ 1890ರ ದಶಕದ ಟೆರೇಸ್ ಮನೆ, ಅಂದರೆ ಗೋಡೆಗೆ ಗೋಡೆ ಸೇರಿಸಿ ಸಾಲಾಗಿ ಕಟ್ಟಿದ ಮನೆಗಳಲ್ಲಿ ಒಂದು. ಹಿತ್ತಿಲ ಕಡೆಗೆ ಚಾಚಿಕೊಂಡ ಭಾಗದಲ್ಲಿ ಅಡುಗೆಮನೆ. ಉದ್ದ 3.3 ಮೀಟರ್, ಅಗಲ 2.4, ಎತ್ತರ 2.45. ಒಂದು ಉದ್ದಗೋಡೆ ಮತ್ತು ಹಿಂಗೋಡೆ ಹೊರಗೋಡೆಗಳು, 9 ಇಂಚಿನ ಗಟ್ಟಿ ಇಟ್ಟಿಗೆ. ಹಿಂಗೋಡೆಯಲ್ಲಿ ಚಿಮಣಿ ಇದೆ, ಬಾಯಿಯನ್ನು ಹಲಗೆ ಹೊಡೆದು ಮುಚ್ಚಿದ್ದಾರೆ. ನೆಲ ಕಾಂಕ್ರೀಟು, ಮೇಲೆ ವಿನೈಲ್ ಹಾಸು. ಇದನ್ನು ವಿಕ್ಟೋರಿಯನ್ ರೀತಿಯಲ್ಲಿ ಮಾಡಿಸಬೇಕು. ಚಿತ್ರಗಳಲ್ಲಿ ನೋಡಿದರೆ ಕೆತ್ತನೆಯ ಕಪಾಟು, ಹೂಬಳ್ಳಿಯ ವಾಲ್‌ಪೇಪರ್, ಗಾಜಿನ ತೂಗುದೀಪ. ದಿನಾ ಒಗ್ಗರಣೆ, ದೋಸೆ, ಕುಕ್ಕರಿನ ಹಬೆ ಇರುವ ಜಾಗಕ್ಕೆ ಅದೆಲ್ಲ ತಾಳುತ್ತದೆಯೇ? ಬಡಗಿ ಕೆಲಸಕ್ಕೆ ದುಡ್ಡು ಇರುವುದು ಒಂದು ಬದಿಗೆ ಮಾತ್ರ.

ಹಳೇಮನೆ_ದುರಸ್ತಿ
ನೇತ್ರಾವತಿಯವರೇ, ಆ ಚಿತ್ರಗಳು ತೋರಿಸುವುದು ಆ ಕಾಲದ ದಿವಾನಖಾನೆಯ ಅಲಂಕಾರವನ್ನು. ಅದನ್ನೇ ಈಗಿನವರು ಅಡುಗೆಮನೆಗೆ ತಂದು ಅಂಟಿಸಿದ್ದಾರೆ. ವಿಕ್ಟೋರಿಯಾ ರಾಣಿ ಆಳಿದ 1837ರಿಂದ 1901ರ ಅವಧಿಯಲ್ಲಿ ಸಾಧಾರಣ ಮನೆಯ ಅಡುಗೆಕೋಣೆ ಎಂದರೆ ದುಡಿಯುವ ಜಾಗ: ತೊಳೆದರೆ ಹೋಗುವ ಗೋಡೆ, ಉಜ್ಜಿದರೆ ಬೆಳಗುವ ಮೇಜು, ಕೆಂಪು ಹೆಂಚಿನ ನೆಲ. ಕೆತ್ತನೆ, ಚಾವಣಿಯಂಚಿನ ಕಾರ್ನಿಸ್ ಪಟ್ಟಿ, ತೂಗುದೀಪದ ವೈಭವ ಮುಂದಿನ ಕೋಣೆಯಲ್ಲೇ ಮುಗಿಯುತ್ತಿತ್ತು.

ನಿಮ್ಮಂಥ ಮನೆಯಲ್ಲಿ ಹಿಂದಿನ ಈ ಭಾಗ ಮೂಲದಲ್ಲಿ ಅಡುಗೆಕೋಣೆಯೇ ಅಲ್ಲದಿರಬಹುದು. ಪಾತ್ರೆ ಬಟ್ಟೆ ತೊಳೆಯುವ ಸ್ಕಲರಿ ಇದ್ದದ್ದು ಸಾಮಾನ್ಯವಾಗಿ ಅಲ್ಲೇ. ಮೂಲೆಯಲ್ಲಿ ಬಟ್ಟೆ ಕುದಿಸುವ ಹಂಡೆ, ಕಿಟಕಿಯ ಕೆಳಗೆ ಸಿಂಕು. ಹಾಗಾಗಿ ನೀವು ಅನುಸರಿಸಬೇಕಾದ ಮಾದರಿ ಸ್ಕಲರಿ. ಇದು ನಿಮಗೆ ಅನುಕೂಲವೇ, ಏಕೆಂದರೆ ಅದು ಅತ್ಯಂತ ಸರಳ, ಅಗ್ಗ, ನೀರು ಹಬೆಗಳಿಗೆಂದೇ ಮಾಡಿದ್ದು.

ಕಣ್ಣಾರೆ ನೋಡಬೇಕೆಂದರೆ ಗ್ಲಾಸ್ಗೋದಲ್ಲಿ ವಸ್ತುಸಂಗ್ರಹಾಲಯವಾಗಿ ಉಳಿಸಿರುವ ಟೆನೆಮೆಂಟ್ ಹೌಸ್‌ಗೆ ಹೋಗಿ. 1892ರ ಕಟ್ಟಡ. ಚಿಕ್ಕ ಅಡುಗೆಮನೆಯಲ್ಲೇ ಕಪ್ಪು ಬೀಡು ಕಬ್ಬಿಣದ ಒಲೆ, ಕಲ್ಲಿದ್ದಲ ಪೆಟ್ಟಿಗೆ, ಗೋಡೆಯೊಳಗೆ ಸೇರಿಸಿದ ಮಂಚ. ಬರ್ಮಿಂಗ್‌ಹ್ಯಾಮ್‌ನ ಬ್ಯಾಕ್ ಟು ಬ್ಯಾಕ್ಸ್ (ಬೆನ್ನಿಗೆ ಬೆನ್ನು ಹಚ್ಚಿ ಕಟ್ಟಿದ ಕಾರ್ಮಿಕರ ಮನೆಗಳು) ಲೆಸ್ಟರ್‌ಗೆ ಇನ್ನೂ ಹತ್ತಿರ. ಕಾರ್ನ್‌ವಾಲ್‌ನ ಲ್ಯಾನ್‌ಹೈಡ್ರಾಕ್ ಶ್ರೀಮಂತರ ದೊಡ್ಡ ಬಂಗಲೆ, 1881ರ ಬೆಂಕಿಯ ನಂತರ ಮತ್ತೆ ಕಟ್ಟಿದ್ದು, ಅಡುಗೆಮನೆ ಭವ್ಯವಾಗಿದೆ. ಆದರೆ ಅದು ಅರಮನೆಯ ಅಳತೆ. ಅಲ್ಲಿಂದ 8 ಚದರ ಮೀಟರಿಗೆ ಏನನ್ನೂ ಎತ್ತಿಕೊಂಡು ಬರಬೇಡಿ.

ಸುಣ್ಣಗಾರೆ
ಅಲಂಕಾರಕ್ಕೆ ಮೊದಲು ಗೋಡೆ. 9 ಇಂಚಿನ ಗಟ್ಟಿ ಗೋಡೆಯಲ್ಲಿ ನಡುವೆ ಗಾಳಿಯ ಸಂದು ಇರುವುದಿಲ್ಲ. ಮಳೆನೀರು ಸ್ವಲ್ಪ ಹೀರುತ್ತದೆ, ಆಮೇಲೆ ಎರಡೂ ಕಡೆಗೆ ಒಣಗುತ್ತದೆ. ಆ ಗೋಡೆಯ ಹೊರಗೆ ಇಟ್ಟಿಗೆಗಳ ಸಂದಿಗೆ ಸಿಮೆಂಟು ತುಂಬಿ, ಒಳಗೆ ಜಿಪ್ಸಮ್ ಗಿಲಾವು ಮಾಡಿ, ಮೇಲೆ ವಿನೈಲ್ ಬಣ್ಣ ಬಳಿದರೆ ನೀರಿಗೆ ಹೊರಬರುವ ದಾರಿ ಇಲ್ಲ. ಬಣ್ಣ ಗುಳ್ಳೆ ಏಳುವುದು, ಸ್ಕರ್ಟಿಂಗ್ ಮೇಲೆ ಬಿಳಿ ಉಪ್ಪು ಹೂ ಬಿಡುವುದು, ಕಪಾಟಿನ ಬೆನ್ನಲ್ಲಿ ಬೂಷ್ಟು ಹಿಡಿಯುವುದು ಎಲ್ಲ ಇದರಿಂದಲೇ.

ಹೊರಗಿನಿಂದ ಶುರು ಮಾಡಿ. ಸೂರಿನ ಮಳೆನೀರಿನ ದೋಣಿ ಸೋರುತ್ತಿದೆಯಾ, ಅಂಗಳದ ನೆಲ ಒಳಗಿನ ನೆಲಕ್ಕಿಂತ ಕನಿಷ್ಠ 150 ಮಿ.ಮೀ. ಕೆಳಗಿದೆಯಾ ನೋಡಿ. ಸಿಮೆಂಟು ಸಂದು ಇದ್ದರೆ ಕೆತ್ತಿ ತೆಗೆದು ಸುಣ್ಣದ ಗಾರೆ ತುಂಬಿಸಿ. ಕೆತ್ತುವುದಕ್ಕೆ ಗ್ರೈಂಡರ್ ಬೇಡ, ಇಟ್ಟಿಗೆಯ ಅಂಚು ಹಾರಿಹೋದರೆ ಮತ್ತೆ ಬರುವುದಿಲ್ಲ. ಒಳಗೆ ಸಡಿಲವಾದ ಗಿಲಾವು ತೆಗೆದು ಸುಣ್ಣದ ಗಿಲಾವು: 3.5 ದರ್ಜೆಯ ಜಲಬಂಧಕ ಸುಣ್ಣ (NHL 3.5, ನೀರು ಸೇರಿದರೆ ಗಟ್ಟಿಯಾಗುವ ಸುಣ್ಣ) ಒಂದು ಪಾಲಿಗೆ ಒರಟು ಕಣದ ಮರಳು ಎರಡೂವರೆ ಪಾಲು. ಒಂದು ಪದರ 8ರಿಂದ 10 ಮಿ.ಮೀ. ದಾಟಬಾರದು. ಮೊದಲ ಪದರ ಉಗುರು ಒತ್ತಿದರೆ ತಗ್ಗದಷ್ಟು ಗಟ್ಟಿಯಾಗುವ ತನಕ ಎರಡನೆಯದು ಬೇಡ. ಹಚ್ಚುವ ಮೊದಲು ಗೋಡೆಗೆ ನೀರು ಚಿಮುಕಿಸಬೇಕು. ಒಣ ಇಟ್ಟಿಗೆ ಗಾರೆಯ ನೀರನ್ನು ಎಳೆದುಕೊಂಡುಬಿಟ್ಟರೆ ಗಿಲಾವು ಪುಡಿಪುಡಿಯಾಗಿ ಬೆರಳಿಗೆ ಬರುತ್ತದೆ. ಹೀಟರ್ ಇಟ್ಟು ಒಣಗಿಸಲು ಹೋದರೂ ಇದೇ ಗತಿ.

ಕೆಡವುವ ಮುನ್ನ ಎರಡು ಪರೀಕ್ಷೆ ತಪ್ಪಿಸಬೇಡಿ. ಹಳೆಯ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಬಹಳ. ಒಣ ಸ್ಯಾಂಡ್ ಪೇಪರ್ ಉಜ್ಜಬೇಡಿ, ಹಾಟ್ ಏರ್ ಗನ್ನಿನ ಹೊಗೆಯೂ ಅಪಾಯ. ಪರೀಕ್ಷೆಯಲ್ಲಿ ಸೀಸ ಬಂದರೆ ಬಣ್ಣ ಕರಗಿಸುವ ಪೇಸ್ಟ್ ಅಥವಾ ನೀರು ಹಾಕಿ ಉಜ್ಜುವುದೇ ದಾರಿ. ಚಾವಣಿಯ ಮೇಲೆ ಉಬ್ಬುತಗ್ಗಿನ ಲೇಪ ಇದ್ದರೆ, ವಿನೈಲ್ ಹಾಸಿನ ಕೆಳಗೆ ಹಳೆಯ ಬಿಲ್ಲೆಗಳಿದ್ದರೆ ಕಲ್ನಾರಿಗಾಗಿ (ಆಸ್ಬೆಸ್ಟಾಸ್) ಮಾದರಿ ಪರೀಕ್ಷೆ ಮಾಡಿಸಿ. ಬ್ರಿಟನ್ನಿನಲ್ಲಿ ಕಲ್ನಾರಿಗೆ ಪೂರ್ತಿ ನಿಷೇಧ ಬಂದದ್ದು 1999ರಲ್ಲಿ. ಅದಕ್ಕೆ ಮೊದಲಿನದು ಯಾವುದನ್ನೂ ನಂಬುವಂತಿಲ್ಲ.

ನೇತ್ರಾವತಿ_ಲೆಸ್ಟರ್
ಹಾಗಾದರೆ ಗೋಡೆಗೆ ಸುಣ್ಣ ಬಳಿಯುವುದೇ ಸರಿಯೇ? ಒಗ್ಗರಣೆ ಸಿಡಿದರೆ?

ಸುಣ್ಣಗಾರೆ
ಒಲೆಯ ಹತ್ತಿರ ಸುಣ್ಣ ಬೇಡವೇ ಬೇಡ. ಎಣ್ಣೆ ಸಿಡಿದರೆ ಒಳಗೇ ಇಳಿಯುತ್ತದೆ, ಒರೆಸಿದರೆ ಸುಣ್ಣವೇ ಕಿತ್ತು ಬರುತ್ತದೆ. ಒಲೆಯಿಂದ ದೂರದ ಮೇಲ್ಗೋಡೆ ಮತ್ತು ಚಾವಣಿಗೆ ಬಳಿಯಬಹುದು, ಹಾಲಿನಷ್ಟು ತೆಳುವಾಗಿ ನಾಲ್ಕು ಸಲ. ದಪ್ಪ ಬಳಿದರೆ ಹಪ್ಪಳದಂತೆ ಏಳುತ್ತದೆ. ನನ್ನ ಆಯ್ಕೆ ಕೇಳಿದರೆ ಅಡುಗೆಮನೆಗೆ ಸಿಲಿಕೇಟ್ ಬಣ್ಣ. ಹಬೆ ಆಡುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಲೂಬಹುದು, ಮಂಕು ಹೊಳಪು ಹಳೆಯ ಡಿಸ್ಟೆಂಪರಿಗೆ ಹತ್ತಿರ. ಹಳೆಯ ವಿನೈಲ್ ಬಣ್ಣದ ಮೇಲೆ ಮಾತ್ರ ಅದು ಕಚ್ಚುವುದಿಲ್ಲ. ಗಾರೆ ಕಾಣುವ ತನಕ ತೆಗೆಯಲೇಬೇಕು.

ಗಾಳಿಬೆಳಕು
ಹಬೆ ಹೊರಗೆ ಹೋಗದಿದ್ದರೆ ಮೇಲಿನದೆಲ್ಲ ವ್ಯರ್ಥ. ಇಂಗ್ಲೆಂಡಿನ ಕಟ್ಟಡ ನಿಯಮ ಕೇಳುವುದು ಒಲೆಯ ಪಕ್ಕದ ಫ್ಯಾನಿಗೆ ಸೆಕೆಂಡಿಗೆ 30 ಲೀಟರ್, ಬೇರೆಡೆ ಇದ್ದರೆ 60. 30 ಲೀಟರ್ ಅಂದರೆ ಗಂಟೆಗೆ 108 ಘನ ಮೀಟರ್. ಇಂಗು, ಒಣಮೆಣಸಿನಕಾಯಿ ಒಗ್ಗರಣೆಗೆ ಅದು ಏನೇನೂ ಸಾಲದು. ಗಂಟೆಗೆ 400 ಘನ ಮೀಟರ್ ನಿಜವಾಗಿ ಎಳೆಯುವ ಹುಡ್ (ಒಲೆಯ ಮೇಲೆ ಕೂರುವ ಹೊಗೆ ಎಳೆಯುವ ಯಂತ್ರ) ತೆಗೆದುಕೊಳ್ಳಿ, ಕೊಳವೆ 150 ಮಿ.ಮೀ. ವ್ಯಾಸದ್ದು. ಆಗ ಕೊಳವೆಯಲ್ಲಿ ಗಾಳಿಯ ವೇಗ ಸೆಕೆಂಡಿಗೆ ಸುಮಾರು 6.3 ಮೀಟರ್, ಸದ್ದು ಸಹಿಸಬಹುದು. ಅದೇ ಹುಡ್ಡಿಗೆ 100 ಮಿ.ಮೀ. ಕೊಳವೆ ಜೋಡಿಸಿದರೆ ಅಷ್ಟೇ ಗಾಳಿಗೆ ವೇಗ 14 ಮೀಟರ್ ದಾಟಬೇಕು. ಫ್ಯಾನು ಕಿರುಚುತ್ತದೆ, ಗಾಳಿ ಹೋಗುವುದಿಲ್ಲ. ಕೊಳವೆ ಗಟ್ಟಿಯದೇ ಇರಲಿ. ಸುಕ್ಕು ಕೊಳವೆಯ ಮಡಿಕೆಗಳಲ್ಲಿ ಜಿಡ್ಡು ಕೂರುತ್ತದೆ. ಇದ್ದಿಲ ಫಿಲ್ಟರಿನಿಂದ ಗಾಳಿಯನ್ನು ಒಳಗೇ ತಿರುಗಿಸುವ ಹುಡ್ ವಾಸನೆಯನ್ನು ಸ್ವಲ್ಪ ತಡೆದೀತು, ಹಬೆಯನ್ನಲ್ಲ.

ಆ ಕಾಲಕ್ಕೆ ಹುಡ್ ಇರಲಿಲ್ಲ, ಹಾಗಾಗಿ ಅದನ್ನು ಕಣ್ಣಿಂದ ಮರೆಮಾಡಬೇಕು. ನಿಮ್ಮ ಚಿಮಣಿ ಹೊರಗೋಡೆಯಲ್ಲೇ ಇದೆ. ಬಾಯಿಯೊಳಗೆ ಒಲೆ ಕೂರಿಸಿ, ಹುಡ್ಡನ್ನು ಮೇಲೆ ಅಡಗಿಸಿ, ಕೊಳವೆಯನ್ನು ನೇರ ಹಿಂಗೋಡೆಯಿಂದ ಹೊರಗೆ ಬಿಡಿ. ಚಿಮಣಿಯ ಹಳೆಯ ಹೊಗೆಕೊಳವೆಯೊಳಕ್ಕೆ ಹುಡ್ಡಿನ ಗಾಳಿ ಬಿಡಲೇಬೇಡಿ. ಮಸಿಯ ಮೇಲೆ ಎಣ್ಣೆ ಜಿಡ್ಡು ಹತ್ತಿದರೆ ಬೆಂಕಿಗೆ ಆಹ್ವಾನ. ಮನೆಯಲ್ಲಿ ತೆರೆದ ಹೊಗೆಕೊಳವೆಯ ಹಳೆ ಬಾಯ್ಲರ್ ಅಥವಾ ಸೌದೆ ಒಲೆ ಇದ್ದರೆ ಬಲವಾದ ಹುಡ್ ಅದರ ವಿಷಾನಿಲವನ್ನು ಒಳಗೆ ಎಳೆಯಬಲ್ಲದು. ಗ್ಯಾಸ್ ಸೇಫ್ ನೋಂದಣಿ (ಬ್ರಿಟನ್ನಿನ ಗ್ಯಾಸ್ ಕೆಲಸಗಾರರ ಅಧಿಕೃತ ಪಟ್ಟಿ) ಇರುವವರಿಂದ ಪರೀಕ್ಷೆ ಮಾಡಿಸಿ, ಕಾರ್ಬನ್ ಮೊನಾಕ್ಸೈಡ್ ಅಲಾರಂ ಹಾಕಿಸಿ.

ಬಡಗಿ_ಬ್ರಿಸ್ಟಲ್
ಚಿಮಣಿ ಬಾಯಿಯೊಳಗೆ ಒಲೆ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಲೆಕ್ಕ ನೋಡಿ. ಒಲೆಯ ಎತ್ತರ 900 ಮಿ.ಮೀ., ಗ್ಯಾಸ್ ಒಲೆಗೂ ಹುಡ್ಡಿಗೂ ನಡುವೆ ಸಾಮಾನ್ಯವಾಗಿ ಕೇಳುವ ಅಂತರ 750, ಹುಡ್ಡಿನ ಒಡಲು 300. ಒಟ್ಟು 1950. ಹಳೆಯ ಬಾಯಿ ಇಷ್ಟು ಎತ್ತರ ಇರುವುದು ಅಪರೂಪ. ಲಿಂಟಲ್ ಮೇಲಕ್ಕೇರಿಸಬೇಕು, ಎಂಜಿನಿಯರ್ ಲೆಕ್ಕ ಬೇಕು, ಕಟ್ಟಡ ನಿಯಮ ನೋಡುವ ಬಿಲ್ಡಿಂಗ್ ಕಂಟ್ರೋಲ್ ವಿಭಾಗದ ಒಪ್ಪಿಗೆ ಬೇಕು. ಅದಲ್ಲದೆ ಎರಡೂ ಬದಿ ಇಟ್ಟಿಗೆ ಇದ್ದರೆ ದೋಸೆ ಕಾವಲಿಯ ಹಿಡಿ ಎಲ್ಲಿ ತಿರುಗಬೇಕು? ಒಲೆಯ ಎರಡೂ ಪಕ್ಕ 150 ಮಿ.ಮೀ. ಆದರೂ ಬಿಡುವು ಬೇಕು.

ಗಾಳಿಬೆಳಕು
ಎಲೆಕ್ಟ್ರಿಕ್ ಒಲೆಯಾದರೆ ಅಂತರ ಸಾಮಾನ್ಯವಾಗಿ 650ಕ್ಕೆ ಇಳಿಯುತ್ತದೆ, ಹುಡ್ಡಿನ ಕೈಪಿಡಿ ಹೇಳುವ ಅಳತೆಯೇ ಕೊನೆಯ ಮಾತು. ಬಾಯಿ ಅಗಲ 900 ಮಿ.ಮೀ. ಒಳಗಿದ್ದರೆ ನಿಮ್ಮ ಮಾತು ಸರಿ, ಬಿಟ್ಟುಬಿಡುವುದೇ ವಾಸಿ. ಮೊದಲು ಹಲಗೆ ತೆಗೆದು ಅಳೆದು ನೋಡಲಿ. ಮುಚ್ಚಿಯೇ ಇಡುವುದಾದರೆ ಕೆಳಗೆ ಗಾಳಿಕಿಂಡಿ, ಮೇಲೆ ಮಳೆ ಬೀಳದ ಗಾಳಿಟೋಪಿ ಇರಲಿ. ಎರಡೂ ಕಡೆ ಬಿಗಿಯಾಗಿ ಮುಚ್ಚಿದ ಚಿಮಣಿ ಒಳಗೇ ಬೆವರಿ ಗೋಡೆಗೆ ಕಂದು ಕಲೆ ಬಿಡುತ್ತದೆ.

ಬಡಗಿ_ಬ್ರಿಸ್ಟಲ್
ಅದು ಸರಿ. ಇನ್ನು ಮರಗೆಲಸ. 2.4 ಮೀಟರ್ ಅಗಲದಲ್ಲಿ ಎರಡೂ ಬದಿ 600 ಮಿ.ಮೀ. ಆಳದ ಕಪಾಟು ಹಾಕಿದರೆ ನಡುವೆ 1200 ಉಳಿಯುತ್ತದೆ, ಓಡಾಡಬಹುದು. ಆದರೆ ಕೋಣೆ ಪೆಟ್ಟಿಗೆಯಂತೆ ಕಾಣುತ್ತದೆ, ಮತ್ತು ಅದು ವಿಕ್ಟೋರಿಯನ್ ಆಗುವುದೇ ಇಲ್ಲ. ಗೋಡೆಯುದ್ದಕ್ಕೂ ಒಂದೇ ಸಮನೆ ಹಾಯುವ ಕಪಾಟುಸಾಲು ಇಪ್ಪತ್ತನೇ ಶತಮಾನದ್ದು. ಆಗಿನವರ ಹತ್ತಿರ ಇದ್ದದ್ದು ಬಿಡಿಬಿಡಿ ಸಾಮಾನು: ಡ್ರೆಸ್ಸರ್ (ಕೆಳಗೆ ಕಪಾಟು, ಮೇಲೆ ತೆರೆದ ಹಲಗೆಗಳಿರುವ ಪಾತ್ರೆ ಬೀರು), ಮೇಜು, ಸಿಂಕಿನ ಮೇಲೆ ತಟ್ಟೆ ಸ್ಟ್ಯಾಂಡು.

ನಿಮ್ಮ ದುಡ್ಡನ್ನು ಸಿಂಕಿನ ಬದಿಗೆ ಹಾಕಿ. ಅಲ್ಲಿ 600 ಆಳ, ಸಿಂಕು, ಡಿಶ್‌ವಾಷರ್, ಕಟ್ಟೆ ಎಲ್ಲ ಒಂದೇ ಕಡೆ. ಎದುರು ಬದಿಗೆ ಹಳೆಯ ಪೈನ್ ಡ್ರೆಸ್ಸರ್ ಒಂದು. ಕೆಳಭಾಗದ ಆಳ 400ರಿಂದ 450, ಮೇಲಿನ ತೆರೆದ ಹಲಗೆಗಳು 180. ನಡೆಯುವ ಜಾಗ 1350 ಆಗುತ್ತದೆ. ಮೇಲೆ ಬಾಗಿಲಿಲ್ಲದ ಕಾರಣ ಕೋಣೆ ಬಿಚ್ಚಿಕೊಂಡಂತೆ ಕಾಣುತ್ತದೆ. ಹಳೆಯ ಸಾಮಾನಿನ ಮಳಿಗೆಗಳಲ್ಲಿ ಡ್ರೆಸ್ಸರ್ ಸಿಗುತ್ತದೆ. ಕೊಳ್ಳುವಾಗ ಕಾಲಿನ ಕೆಳಭಾಗಕ್ಕೆ ಚಾಕು ಚುಚ್ಚಿ ನೋಡಿ, ಮೆತ್ತಗೆ ಇಳಿದರೆ ಕೊಳೆತಿದೆ. ಸಣ್ಣ ದುಂಡು ತೂತುಗಳಿಂದ ಹೊಸ ಪುಡಿ ಉದುರುತ್ತಿದ್ದರೆ ಹುಳು ಜೀವಂತ ಇದೆ. ಮನೆಗೆ ತರಬೇಡಿ.

ಸಿಂಕಿನ ಬದಿಯ ಬಾಗಿಲುಗಳು ಚೌಕಟ್ಟಿನ ಒಳಗೆ ಕೂರುವ ಬಗೆಯವಾಗಿರಲಿ, ಹೊರಗೆ ಕಾಣುವ ಹಿತ್ತಾಳೆ ಬಟ್ ಹಿಂಜು ಹಾಕಿ. ಬಾಗಿಲ ಸುತ್ತ ಸಂದು 2 ಮಿ.ಮೀ. ಅದಕ್ಕಿಂತ ಕಡಿಮೆ ಬಿಟ್ಟರೆ ಒದ್ದೆ ದಿನಗಳಲ್ಲಿ ಬಾಗಿಲು ಉಬ್ಬಿ ಕಚ್ಚಿಕೊಳ್ಳುತ್ತದೆ. ಬಣ್ಣದ ದಪ್ಪವನ್ನೂ ಆ ಲೆಕ್ಕದಲ್ಲೇ ಸೇರಿಸಿ. ಪೈನಿನ ಗಂಟುಗಳಿಗೆ ಅರಗಿನ ದ್ರಾವಣ ಎರಡು ಸಲ ಹಚ್ಚಿ, ಮೇಲೆ ಪ್ರೈಮರ್, ಅಂಡರ್‌ಕೋಟ್, ಎರಡು ಕೈ ಎಗ್‌ಶೆಲ್ (ಮಂದ ಹೊಳಪಿನ ಬಣ್ಣ). ಅರಗು ಬಿಟ್ಟರೆ ವರ್ಷದೊಳಗೆ ಗಂಟಿನ ರಾಳ ಹಳದಿ ಕಲೆಯಾಗಿ ಬಣ್ಣದ ಮೇಲೆ ಬರುತ್ತದೆ. ಹಿಡಿಗೆ ಬಿಳಿ ಪಿಂಗಾಣಿ ಗುಬುಟು ಅಥವಾ ಬಟ್ಟಲಿನಾಕಾರದ ಹಿತ್ತಾಳೆ ಹಿಡಿ, ಎರಡರಲ್ಲಿ ಒಂದೇ. ಬೆರೆಸಬೇಡಿ.

ಮಲೆನಾಡ_ಮನೆ
ತಟ್ಟೆ ಸ್ಟ್ಯಾಂಡಿನ ಬಗ್ಗೆ ಒಂದು ಮಾತು. ಪಿಂಗಾಣಿ ತಟ್ಟೆಗೆಂದು ಮಾಡಿದ ಗೂಟಗಳ ನಡುವೆ ನಮ್ಮ ಅಂಚಿರುವ ಸ್ಟೀಲ್ ತಟ್ಟೆ ಓರೆಯಾಗಿ ಸಿಕ್ಕಿಕೊಳ್ಳುತ್ತದೆ. ಮಾಡಿಸುವಾಗಲೇ ಅರ್ಧ ಭಾಗಕ್ಕೆ 35 ಮಿ.ಮೀ., ಇನ್ನರ್ಧಕ್ಕೆ 55 ಮಿ.ಮೀ. ಅಂತರ ಕೊಡಿಸಿ, ಬಡಗಿಯ ಕೈಗೆ ಒಂದು ತಟ್ಟೆಯನ್ನೇ ಕೊಟ್ಟುಬಿಡಿ. ಒಲೆಯಿಂದ ಒಂದು ಮೀಟರ್ ಆದರೂ ದೂರ ಇರಲಿ, ಇಲ್ಲದಿದ್ದರೆ ತೊಳೆದಿಟ್ಟ ತಟ್ಟೆಗೇ ಜಿಡ್ಡು ಹಿಡಿಯುತ್ತದೆ. ಡ್ರೆಸ್ಸರಿನ ತೆರೆದ ಹಲಗೆಗೂ ಇದೇ ಮಾತು. ದಿನಾ ಬಳಸುವುದನ್ನು ಮಾತ್ರ ಅಲ್ಲಿಡಿ. ಹಿತ್ತಾಳೆ ತಾಮ್ರದ ಪಾತ್ರೆ ಸಾಲಾಗಿ ಜೋಡಿಸಿದರೆ ನೋಡಲು ತುಂಬಾ ಚೆಂದ, ಆ ಕಾಲಕ್ಕೂ ಒಪ್ಪುತ್ತದೆ, ನಮ್ಮ ಮನೆಗಳಿಗೂ ಒಪ್ಪುತ್ತದೆ. ಆದರೆ ಹುಣಸೆಹಣ್ಣು ಹಾಕಿ ಬೆಳಗುವ ಕೆಲಸ ತಪ್ಪಿದ್ದಲ್ಲ.

ನಲ್ಲಿನೀರು
ಸಿಂಕು. ಆ ಕಾಲದ ದಪ್ಪ ಬಿಳಿ ಪಿಂಗಾಣಿ ಸಿಂಕಿನಲ್ಲಿ ಎರಡು ಬಗೆ. ಬೆಲ್‌ಫಾಸ್ಟ್ ಎನ್ನುವುದರ ಒಳಗೆ ಉಕ್ಕುನೀರು ಹೋಗಲು ಗೋಡೆಯಲ್ಲೇ ದಾರಿ ಇರುತ್ತದೆ, ಲಂಡನ್ ಮಾದರಿಗೆ ಅದು ಇರಲಿಲ್ಲ, ಆಳವೂ ಕಡಿಮೆ. ಈಗ ಅಂಗಡಿಯಲ್ಲಿ ಸುಲಭವಾಗಿ ಸಿಗುವುದು 595 × 455 × 255 ಮಿ.ಮೀ. ಆಸುಪಾಸಿನ ಬೆಲ್‌ಫಾಸ್ಟ್. ಬರಿದೇ 40 ಕೆ.ಜಿ.ಗೆ ಹತ್ತಿರ, ಕಂಠಮಟ್ಟ ನೀರು ಮತ್ತು ಪಾತ್ರೆ ಸೇರಿದರೆ 90 ಮುಟ್ಟುತ್ತದೆ. ರೆಡಿಮೇಡ್ ಕಪಾಟಿನ 18 ಮಿ.ಮೀ. ಹಲಗೆಯ ಮೇಲೆ ಇದನ್ನು ಹಾಗೇ ಕೂರಿಸಿದರೆ ನಿಧಾನವಾಗಿ ಬಾಗುತ್ತದೆ, ಸಿಲಿಕೋನ್ ಸಂದು ಬಿಡುತ್ತದೆ, ನೀರು ಮರದೊಳಗೆ ಇಳಿಯುತ್ತದೆ. ಎರಡು ಪಕ್ಕ ಅರ್ಧ ಇಟ್ಟಿಗೆಯ ಗೋಡೆ ಎಬ್ಬಿಸಿ ಮೇಲೆ ಕೂರಿಸುವುದು ಆ ಕಾಲದ ಕ್ರಮ, ಈಗಲೂ ಅದೇ ಉತ್ತಮ. ಇಟ್ಟಿಗೆಗೆ ಬಿಳಿ ಬಣ್ಣ ಬಳಿದು ಮುಂದೆ ಗೀರುಬಟ್ಟೆಯ ಪರದೆ ಕಟ್ಟಿದರೆ ಒಂದು ಬಾಗಿಲಿನ ಖರ್ಚೂ ಉಳಿಯಿತು. ಇಟ್ಟಿಗೆ ಬೇಡವೆಂದರೆ 50 × 50ರ ಗಟ್ಟಿಮರದ ಚೌಕಟ್ಟು, ಭಾರವೆಲ್ಲ ನೆಲಕ್ಕೆ ನೇರ ಇಳಿಯುವ ಹಾಗೆ.

ಈ ಸಿಂಕುಗಳನ್ನು ಗೂಡಿನಲ್ಲಿ ಸುಡುವುದರಿಂದ ಅಳತೆ ಕೆಲವು ಮಿ.ಮೀ. ಆಚೀಚೆ ಇರುತ್ತದೆ. ಸಿಂಕು ಮನೆಗೆ ಬಂದ ಮೇಲೆಯೇ ಕಟ್ಟೆ ಕೊಯ್ಯಿಸಿ. ಕಟ್ಟೆಯ ಅಂಚು ಸಿಂಕಿನ ಮೇಲೆ 10ರಿಂದ 15 ಮಿ.ಮೀ. ಚಾಚಿರಲಿ, ಅಡಿಯಲ್ಲಿ ಅಂಚಿನಿಂದ 6 ಮಿ.ಮೀ. ಒಳಗೆ ಒಂದು ಸಣ್ಣ ತೋಡು ಕೊರೆಸಿ. ನೀರು ಅಲ್ಲೇ ತೊಟ್ಟಿಕ್ಕುತ್ತದೆ, ಒಳಗೆ ನುಸುಳುವುದಿಲ್ಲ. ನಲ್ಲಿಗೆ ಎರಡು ಹಿಡಿಯ ಬ್ರಿಜ್ ಮಿಕ್ಸರ್ (ಬಿಸಿನೀರು ತಣ್ಣೀರು ಅಡ್ಡಕೊಳವೆಯಲ್ಲಿ ಬೆರೆಯುವ ನಲ್ಲಿ) ಕಾಲಕ್ಕೆ ಹೊಂದುತ್ತದೆ, ಮೂತಿಗೂ ಸಿಂಕಿನ ಅಂಚಿಗೂ 250 ಮಿ.ಮೀ. ಬಿಡುವು ಇದ್ದರೆ ದೊಡ್ಡ ತಪ್ಪಲೆ ಇಡಬಹುದು. ಅಲ್ಯುಮಿನಿಯಂ ಕುಕ್ಕರು, ಸ್ಟೀಲ್ ಪಾತ್ರೆ ತಿಕ್ಕಿದರೆ ಬಿಳಿ ಮೆರುಗಿನ ಮೇಲೆ ಬೂದು ಗೆರೆ ಬರುತ್ತದೆ. ಅದು ಗೀರಲ್ಲ, ಲೋಹ ಅಂಟಿದ್ದು. ಮೆತ್ತನೆ ಕ್ಲೀನಿಂಗ್ ಕ್ರೀಮ್ ಹಾಕಿ ಉಜ್ಜಿದರೆ ಹೋಗುತ್ತದೆ. ಆದರೆ ಬೀಡಿನ ಕಾವಲಿ ಕೈತಪ್ಪಿ ಬಿದ್ದರೆ ಮೆರುಗು ಚಕ್ಕೆ ಏಳುತ್ತದೆ. ತಳಕ್ಕೆ ಮರದ ಜಾಲರಿ ಇಟ್ಟುಕೊಳ್ಳಿ.

ನೇತ್ರಾವತಿ_ಲೆಸ್ಟರ್
ಕಟ್ಟೆಗೆ ಬಿಳಿ ಅಮೃತಶಿಲೆ ಆಸೆ ಇದೆ. ಆ ಕಾಲದಲ್ಲಿ ಇತ್ತಲ್ಲವೇ?

ಕಲ್ಲುಕುಟಿಗ
ಇತ್ತು, ಹಿಟ್ಟು ಲಟ್ಟಿಸುವ ಒಂದು ಹಲಗೆಯಾಗಿ, ಆಹಾರ ಇಡುವ ತಂಪು ಕೋಣೆಯ ಕಲ್ಲುಹಲಗೆಯಾಗಿ. ಇಡೀ ಕಟ್ಟೆಯಾಗಿ ಅಲ್ಲ. ಅಮೃತಶಿಲೆ ಎಂದರೆ ಸುಣ್ಣದ ಅಂಶ. ಹುಣಸೆ ರಸ, ಲಿಂಬೆ, ಮಜ್ಜಿಗೆ ಯಾವುದು ಬಿದ್ದರೂ ಮೆರುಗು ಕರಗಿ ಮಂಕು ಮಚ್ಚೆ ನಿಲ್ಲುತ್ತದೆ, ಮೇಲೆ ಏನೇ ಲೇಪ ಹಚ್ಚಿದ್ದರೂ. ಸಾರು ಹುಳಿ ಮಾಡುವ ಮನೆಗೆ ನಾನು ಅದನ್ನು ಹೇಳುವುದೇ ಇಲ್ಲ.

ನಿಮಗೆ ವೇಲ್ಸಿನ ಸ್ಲೇಟು. ತಂಪು ಕೋಣೆಗಳ ಕಲ್ಲುಹಲಗೆಗಳಲ್ಲಿ ಹೇರಳವಾಗಿ ಬಳಸಿದ ಕಲ್ಲು ಅದು. ಕಾಣಲು ನಮ್ಮ ಕಡಪ ಕಲ್ಲಿನ ಬಳಗ, ಆದರೆ ಕಡಪದಲ್ಲಿ ಸುಣ್ಣದ ಅಂಶ ಇದೆ, ಒಳ್ಳೆಯ ವೇಲ್ಸ್ ಸ್ಲೇಟು ಹುಳಿಗೆ ಜಗ್ಗುವುದಿಲ್ಲ. ಎಲ್ಲಿಂದ ಬಂದದ್ದೆಂದು ಗೊತ್ತಿಲ್ಲದ ಸ್ಲೇಟಾದರೆ ತುಂಡೊಂದನ್ನು ಕೇಳಿ ತಂದು ಲಿಂಬೆರಸ ಒಂದು ತೊಟ್ಟು ಹಾಕಿ ಹತ್ತು ನಿಮಿಷ ಬಿಡಿ. ನೊರೆ ಬಂದರೆ, ಅಥವಾ ಒರೆಸಿದ ಮೇಲೆ ಬಿಳಿಚಿಕೊಂಡಿದ್ದರೆ ವಾಪಸು ಕೊಡಿ. 20 ಮಿ.ಮೀ. ದಪ್ಪ ಸಾಕು, ಸಿಂಕಿನ ಮುಂದಿನ ಕಿರಿದಾದ ಪಟ್ಟಿ ಇದ್ದರೆ 30. ಗೀರು ಬಿದ್ದರೆ ನಯವಾದ ಉಕ್ಕಿನ ನಾರಿನಿಂದ (ವೈರ್ ವುಲ್) ಉಜ್ಜಿ, ಖನಿಜ ಎಣ್ಣೆ ಸವರಿ.

ಬಡಗಿ_ಬ್ರಿಸ್ಟಲ್
ಸ್ಲೇಟು ದುಬಾರಿಯಾದರೆ ಸಿಂಕಿನ ಎರಡೂ ಪಕ್ಕ ಮಾತ್ರ ಸ್ಲೇಟು, ಉಳಿದದ್ದು ಓಕ್. ಮರದ ಕಟ್ಟೆಗೆ ಕೆಳಮೈಗೂ ಎಣ್ಣೆ ಹಚ್ಚಬೇಕು, ಅದನ್ನೇ ಎಲ್ಲರೂ ಬಿಡುವುದು. ಒಂದೇ ಮೈ ತೇವ ಕುಡಿದರೆ ಹಲಗೆ ದೋಣಿಯಾಗುತ್ತದೆ. ಡಿಶ್‌ವಾಷರ್ ಮೇಲೆ ಬರುವ ಭಾಗಕ್ಕೆ ಹಬೆ ತಡೆಯುವ ಹಾಳೆ ಅಂಟಿಸಿ. ಕಪಾಟಿಗೆ ಬಿಗಿಯುವಾಗ ಸೀಳುತೂತಿನ ಬ್ರಾಕೆಟ್ ಬಳಸಿ. 600 ಅಗಲದ ಮರ ಋತುವಿಗೆ ತಕ್ಕ ಹಾಗೆ ಕೆಲವು ಮಿ.ಮೀ. ಹಿಗ್ಗಿ ಕುಗ್ಗುತ್ತದೆ. ಗಟ್ಟಿಯಾಗಿ ಕಟ್ಟಿಹಾಕಿದರೆ ಸೀಳುತ್ತದೆ.

ಅಂಗಳ_ರೀಡಿಂಗ್
ಒಲೆಯ ಹಿಂದೆ ಮೆಟ್ರೋ ಟೈಲ್ಸ್ ಹಾಕಿದರೆ ವಿಕ್ಟೋರಿಯನ್ ಆಗುತ್ತದೆಯೇ?

ಹಳೇಮನೆ_ದುರಸ್ತಿ
ಅಂಚು ಇಳಿಜಾರಾಗಿ ಕೊಯ್ದ ಆ ಟೈಲ್ಸ್ ಬೇಡ. ಪ್ಯಾರಿಸ್ ಮೆಟ್ರೋ ಶುರುವಾದದ್ದು 1900ರಲ್ಲಿ, ನ್ಯೂಯಾರ್ಕಿನ ಸಬ್‌ವೇ 1904ರಲ್ಲಿ. ನಿಮ್ಮ ಮನೆ ಆಗಲೇ ಎದ್ದಿತ್ತು. ಸಮತಟ್ಟಾದ 6 × 6 ಇಂಚು ಅಥವಾ 6 × 3 ಇಂಚಿನ ಬಿಳಿ ಇಲ್ಲವೇ ದಂತವರ್ಣದ ಟೈಲ್ಸ್ ಹಾಕಿ, ಸಂದು 2 ಮಿ.ಮೀ., ಮೇಲೆ ಗಾಢ ಹಸಿರಿನ ಅಥವಾ ನೀಲಿಯ ಒಂದೇ ಒಂದು ಪಟ್ಟಿ. ಅಷ್ಟರಲ್ಲೇ ಕಾಲ ಕಾಣುತ್ತದೆ. ಗ್ರೌಟ್ (ಸಂದು ತುಂಬುವ ಗಾರೆ) ಬಿಳಿ ಬೇಡ, ತಿಳಿಬೂದು. ಒಲೆಯ ಹಿಂದೆ ಎಪಾಕ್ಸಿ ಗ್ರೌಟ್ ಹಾಕಿದರೆ ಎಣ್ಣೆ ಒಳಗಿಳಿಯುವುದಿಲ್ಲ. ಅರಿಶಿನದ ಕಲೆ ಬಿಸಿಲಿಗೆ ತಾನೇ ಮಾಸುತ್ತದೆ, ಆದರೆ ಇಂಗ್ಲೆಂಡಿನ ಚಳಿಗಾಲದ ಬಿಸಿಲನ್ನು ನಂಬಿ ಕೂರಬೇಡಿ.

ಉಳಿದ ಗೋಡೆಗೆ ನೆಲದಿಂದ 1 ಮೀಟರ್ ಎತ್ತರಕ್ಕೆ ಒಂದರ ನಾಲಿಗೆ ಇನ್ನೊಂದರ ತೋಡಿನಲ್ಲಿ ಕೂರುವ ಮರದ ಪಟ್ಟಿ. ಹೊರಗೋಡೆಯ ಮೇಲೆ ನೇರ ಹೊಡೆಯಬೇಡಿ. 20 ಮಿ.ಮೀ. ರೀಪರ್ ಹಾಕಿ, ಕೆಳಗೂ ಮೇಲೂ ಗಾಳಿ ಆಡುವಷ್ಟು ಸಂದು ಬಿಡಿ, ಪಟ್ಟಿಯ ಬೆನ್ನಿಗೂ ಪ್ರೈಮರ್ ಹಚ್ಚಿ. ಪಟ್ಟಿಗಳನ್ನು ಒಂದು ವಾರ ಅದೇ ಕೋಣೆಯಲ್ಲಿ ಇಟ್ಟು ಒಗ್ಗಿಸಿ, ಇಲ್ಲವಾದರೆ ಹೀಟಿಂಗ್ ಹಾಕಿದ ಮೇಲೆ ಕುಗ್ಗಿ ಬಣ್ಣವಿಲ್ಲದ ಬಿಳಿ ಗೆರೆಗಳು ಕಾಣುತ್ತವೆ. ಮರ ಒಲೆಯ ಆಸುಪಾಸಿಗೆ ಬರಬಾರದು, ಅಲ್ಲಿ ಟೈಲ್ಸ್ ನೆಲದ ತನಕ ಇಳಿಯಲಿ.

ಬಣ್ಣ: ಕೆಳಗೆ ಗಾಢ, ಮೇಲೆ ತಿಳಿ. ಬಾಟಲಿ ಹಸಿರು, ಕೆಮ್ಮಣ್ಣು ಕಂದು, ಕಲ್ಲಿನ ಬಣ್ಣ ಇವುಗಳಲ್ಲಿ ಒಂದು ಕೆಳಗೆ. ಮೇಲೆ ಕೆನೆಬಣ್ಣ ಅಥವಾ ತಿಳಿನೀಲಿ. ನೀಲಿಗೆ ನೊಣ ಕೂರುವುದಿಲ್ಲ ಎಂಬ ನಂಬಿಕೆ ಆಗ ಇತ್ತು. ಪುಟ್ಟ ಕೋಣೆಯಲ್ಲಿ ಚಾವಣಿ ತನಕ ಗಾಢ ಬಣ್ಣ ಬಳಿಯುವುದು ಈಗಿನ ಹುಚ್ಚು. ಕಲ್ಲಿದ್ದಲ ಹೊಗೆ, ಗ್ಯಾಸ್ ದೀಪದ ಮಂಕು ಬೆಳಕಿನಲ್ಲಿ ದುಡಿಯುತ್ತಿದ್ದವರು ಮೇಲ್ಗೋಡೆಯನ್ನು ತಿಳಿಯಾಗಿಯೇ ಇಟ್ಟುಕೊಳ್ಳುತ್ತಿದ್ದರು.

ಹೆಂಚಿನನೆಲ
ನೆಲಕ್ಕೆ ಕೆಂಪು ಕ್ವಾರಿ ಟೈಲ್ಸ್ (ಮೆರುಗಿಲ್ಲದ ಸುಟ್ಟ ಮಣ್ಣಿನ ಹೆಂಚು), 150 × 150 ಮಿ.ಮೀ. ಸಂದು 5 ಮಿ.ಮೀ. ಹಿಡಿದರೆ ಚದರ ಮೀಟರಿಗೆ ಸುಮಾರು 42 ಬೇಕು. ನಿಮ್ಮ 7.92 ಚದರ ಮೀಟರಿಗೆ 330, ಒಡಕಿಗೆ ಹತ್ತು ಶೇಕಡಾ ಸೇರಿಸಿ 365 ತರಿಸಿ. ಎಲ್ಲ ಪೆಟ್ಟಿಗೆ ಒಡೆದು ಬೆರೆಸಿ ಹಾಸಿ, ಪೆಟ್ಟಿಗೆಯಿಂದ ಪೆಟ್ಟಿಗೆಗೆ ಕೆಂಪು ಬದಲಾಗುತ್ತದೆ. ಬಣ್ಣಬಣ್ಣದ ಚಿತ್ತಾರದ ಟೈಲ್ಸ್ ಮುಂಬಾಗಿಲ ಪಡಸಾಲೆಯದು, ಇಲ್ಲಿಗಲ್ಲ. ಕೆಂಪು ಕಪ್ಪು ಚೌಕುಳಿ ಬೇಕೆನಿಸಿದರೆ ಗೋಡೆಗೆ ಸಮಾನಾಂತರ ಹಾಸಿ. ಮೂಲೆಯಿಂದ ಮೂಲೆಗೆ ಹಾಸಿದರೆ ಸುತ್ತಲೂ ತ್ರಿಕೋನ ಕೊಯ್ಯಬೇಕು, ಸಣ್ಣ ಕೋಣೆಯಲ್ಲಿ ಕೊಯ್ದ ತುಂಡೇ ಎದ್ದು ಕಾಣುತ್ತದೆ.

ಮೊದಲು ಕಾಂಕ್ರೀಟಿನ ತೇವ ಅಳೆಸಿ. ಅಡಿಯಲ್ಲಿ ತೇವ ತಡೆ ಇಲ್ಲದಿದ್ದರೆ ಟೈಲ್ಸ್ ಮೇಲೆ ಬಿಳಿ ಉಪ್ಪು ಬರುತ್ತಲೇ ಇರುತ್ತದೆ. ನಡುಗೆರೆ ಎಳೆದು ಒಣದಾಗಿ ಜೋಡಿಸಿ ನೋಡಿ, ಬಾಗಿಲ ಬಳಿ ಪೂರ್ತಿ ಟೈಲ್ ಬರಲಿ, ತುಂಡು ಕಪಾಟಿನ ಕೆಳಗೆ ಹೋಗಲಿ. ಹಾಸಿದ ಮೇಲೆ, ಗ್ರೌಟ್ ಹಾಕುವ ಮುಂಚೆ ಒಂದು ಕೈ ಸೀಲರ್ ಸವರಿ. ಮೆರುಗಿಲ್ಲದ ಹೆಂಚು ಸಿಮೆಂಟಿನ ಹಾಲನ್ನು ಹೀರಿಕೊಂಡರೆ ಕೆಂಪು ಮಂಕಾಗುತ್ತದೆ, ಅದನ್ನು ತೆಗೆಯಲು ಆ್ಯಸಿಡ್ ಹಾಕಿದರೆ ಸಂದೇ ಸಡಿಲವಾಗುತ್ತದೆ. ಕೊನೆಯ ಸೀಲರ್ ಗ್ರೌಟ್ ಪೂರ್ತಿ ಒಣಗಿದ ಮೇಲೆ. ಹಸಿ ಇರುವಾಗ ಹಚ್ಚಿದರೆ ತೇವ ಒಳಗೇ ಸಿಕ್ಕಿ ಹಾಲಿನ ಬಣ್ಣದ ಮೋಡ ಕಟ್ಟುತ್ತದೆ.

ನೆಲ ಸುಮಾರು 20 ಮಿ.ಮೀ. ಏರುತ್ತದೆ. ಹಿತ್ತಿಲ ಬಾಗಿಲು ಒಳಕ್ಕೆ ತೆರೆಯುವುದಾದರೆ ಕೆಳಗೆ ಕೊಯ್ಯಬೇಕಾಗುತ್ತದೆ. ಆ ಎತ್ತರ ಸಿಗದಿದ್ದರೆ ಲಿನೋಲಿಯಂ ಹಾಕಿ, 2.5 ಮಿ.ಮೀ. ಅಷ್ಟೇ. ಫ್ರೆಡರಿಕ್ ವಾಲ್ಟನ್ 1860ರ ದಶಕದಲ್ಲಿ ಪೇಟೆಂಟ್ ಪಡೆದ ವಸ್ತು ಅದು: ಅಗಸೆ ಎಣ್ಣೆ, ಬಿರಡೆ ಮರದ ಪುಡಿ, ಬೆನ್ನಿಗೆ ಸೆಣಬಿನ ಬಟ್ಟೆ. ವಿನೈಲಿನಂತಲ್ಲ, ನಿಜಕ್ಕೂ ಆ ಕಾಲದ್ದೇ. ಆದರೆ ತೇವ ಇರುವ ನೆಲದ ಮೇಲೆ ಸೆಣಬು ಕೊಳೆಯುತ್ತದೆ.

ಗಾಳಿಬೆಳಕು
ದೀಪಕ್ಕೆ ಹಾಲುಬಿಳಿ ಗಾಜಿನ ಬುರುಡೆ ಒಂದು ನಡುವೆ, ಹಳದಿ ಛಾಯೆಯ 2700 ಕೆಲ್ವಿನ್‌ನ ಎಲ್‌ಇಡಿ. ಡ್ರೆಸ್ಸರ್ ಹಲಗೆಯ ಅಡಿಯಲ್ಲಿ ಕಟ್ಟೆಯ ಕಡೆಗೆ ತೆಳು ಪಟ್ಟಿದೀಪ, ಇಲ್ಲವಾದರೆ ಕೈಯ ನೆರಳಲ್ಲೇ ತರಕಾರಿ ಹೆಚ್ಚಬೇಕು. ಹಿತ್ತಾಳೆ ಮೂತಿಯ ಸ್ವಿಚ್ಚಿಗೆ ಅರ್ಥ್ ವೈರ್ ಕಡ್ಡಾಯ. ಹಳೆಯ ದೀಪದ ವೈರಿಂಗ್‌ನಲ್ಲಿ ಅರ್ಥ್ ಇಲ್ಲದೇ ಇರಬಹುದು, ಎಲೆಕ್ಟ್ರಿಷಿಯನ್ ನೋಡಿದ ಮೇಲೆಯೇ ಲೋಹದ ಸ್ವಿಚ್ ಕೊಳ್ಳಿ. ಮಿಕ್ಸಿಯ ಸಾಕೆಟ್ ಸಿಂಕಿನಿಂದಲೂ ಒಲೆಯಿಂದಲೂ 300 ಮಿ.ಮೀ. ಆದರೂ ದೂರ.

ಅಂಗಳ_ರೀಡಿಂಗ್
ಚಾವಣಿಯಿಂದ ರಾಟೆಯಲ್ಲಿ ಇಳಿಯುವ ಬಟ್ಟೆ ಒಣಗಿಸುವ ಚೌಕಟ್ಟು ಸಿಗುತ್ತದಲ್ಲ, ಅದು?

ಬಡಗಿ_ಬ್ರಿಸ್ಟಲ್
ಕಾಲಕ್ಕೆ ಸರಿಯೇ. ಎರಡು ಬೀಡಿನ ಬಳೆ, ನಾಲ್ಕು ಪೈನ್ ಪಟ್ಟಿ, ರಾಟೆ, ಹಗ್ಗ, ಗೋಡೆಗೊಂದು ಕೊಕ್ಕೆ. ರಾಟೆಯ ಸ್ಕ್ರೂ ಜಂತೆಗೇ ಹೋಗಬೇಕು, ಗಿಲಾವಿಗಲ್ಲ. ಹಳೆಯ ಮನೆಗಳಲ್ಲಿ ಜಂತೆಗಳ ಅಂತರ 350ರಿಂದ 400 ಮಿ.ಮೀ., ಸಣ್ಣ ಡ್ರಿಲ್ ಬಿಟ್ಟಿನಿಂದ ಹುಡುಕಿ. ಆದರೆ ನಮ್ಮ ಅಡುಗೆಮನೆಯಲ್ಲಿ ಬಟ್ಟೆ ಒಣಹಾಕಿದರೆ ಒಗ್ಗರಣೆ ವಾಸನೆ ಅಂಗಿಯ ಜೊತೆ ಆಫೀಸಿಗೆ ಹೋಗುತ್ತದೆ. ಕೈವಸ್ತ್ರ, ಬುಟ್ಟಿ, ಒಣಮೆಣಸಿನಕಾಯಿ ಸರಕ್ಕೆ ಇಟ್ಟುಕೊಳ್ಳಿ. ಒಲೆಯ ನೆತ್ತಿಗೆ ಮಾತ್ರ ಬರಬಾರದು.

ನೇತ್ರಾವತಿ_ಲೆಸ್ಟರ್
ಎಲ್ಲರಿಗೂ ವಂದನೆ. ಚಿಮಣಿಯ ಹಲಗೆ ತೆಗೆದು ಅಳೆಯುವುದರಿಂದಲೇ ಶುರು ಮಾಡುತ್ತೇನೆ. ಕೊನೆಯದಾಗಿ ಒಂದು: ಕಪಾಟಿನ ಕೆಳಗೂ ಟೈಲ್ಸ್ ಹಾಸಬೇಕೆ, ಮುಂದೆ ಮಾತ್ರ ಹಾಸಿದರೆ ಖರ್ಚು ಉಳಿಯುತ್ತದಲ್ಲ?

ಹೆಂಚಿನನೆಲ
ಗೋಡೆಯಿಂದ ಗೋಡೆಗೆ ಹಾಸಿ. ಡ್ರೆಸ್ಸರ್ ಬಿಡಿ ಸಾಮಾನು, ನಾಳೆ ಜಾಗ ಬದಲಾದರೆ ಅಡಿಯಲ್ಲಿ ಬರಿ ಕಾಂಕ್ರೀಟು ಕಾಣುತ್ತದೆ. ಡಿಶ್‌ವಾಷರ್ ಮುಂದೆ ಮಾತ್ರ ನೆಲ 20 ಮಿ.ಮೀ. ಏರಿದರೆ ಯಂತ್ರ ಗುಂಡಿಯಲ್ಲಿ ಕೂತ ಹಾಗಾಗುತ್ತದೆ, ಮೇಲೆ ಸ್ಲೇಟಿನ ಕಟ್ಟೆ ಅಲುಗುವುದಿಲ್ಲ. ಯಂತ್ರ ಕೆಟ್ಟ ದಿನ ಅದನ್ನು ಹೊರಗೆಳೆಯಲು ಟೈಲ್ಸ್ ಒಡೆಯಬೇಕು, ಇಲ್ಲವೇ ಕಟ್ಟೆ ಎತ್ತಬೇಕು. ಖರ್ಚು ಉಳಿಸಲೇಬೇಕೆಂದರೆ ಇಟ್ಟಿಗೆ ಗೋಡೆಯ ಮೇಲೆ ಸಿಂಕು ಕೂರುವ ಜಾಗವೊಂದನ್ನು ಬಿಡಿ, ಇಟ್ಟಿಗೆ ನೇರ ಕಾಂಕ್ರೀಟಿನ ಮೇಲೇ ನಿಲ್ಲುವುದು ಒಳ್ಳೆಯದು. ಸುಮಾರು 20 ಟೈಲ್ಸ್ ಉಳಿಯುತ್ತವೆ, ಮುಂದಿನ ದುರಸ್ತಿಗೆ ಎತ್ತಿಡಿ.